ವ್ಯವಹಾರದ ಪಾಸ್‌ವರ್ಡ್ ಬೇರೆ, ಸ್ವಂತದ ಪಾಸ್‌ವರ್ಡ್ ಬೇರೆ

ಅಂಗಡಿಯ ಗಲ್ಲಾದಿಂದ ಮನೆಯ ಖರ್ಚಿಗೆ ಹಣ ತೆಗೆದರೆ ಅದನ್ನು ಮಾಲೀಕರ ಸ್ವಂತ ಖಾತೆಗೆ ಬರೆಯಬೇಕು ಎಂಬುದು ಲೆಕ್ಕಪತ್ರದ ಮೊದಲ ಪಾಠ. ವ್ಯವಹಾರ ಬೇರೆ, ವ್ಯವಹಾರಸ್ಥ ಬೇರೆ ಎಂಬ ಈ ನಿಯಮವನ್ನು ನಮ್ಮ ವರ್ತಕರು ಹಣದ ವಿಷಯದಲ್ಲಿ ತಲೆಮಾರುಗಳಿಂದ ಪಾಲಿಸುತ್ತಾ ಬಂದಿದ್ದಾರೆ. ಪಾಸ್‌ವರ್ಡ್‌ಗಳ ವಿಷಯದಲ್ಲಿ ಮಾತ್ರ ಈ ಶಿಸ್ತು ಇನ್ನೂ ನೆಲೆಗೊಂಡಿಲ್ಲ.

ಹತ್ತು ಮಂದಿ ಕೆಲಸಗಾರರಿರುವ ಒಂದು ಘಟಕಕ್ಕೂ ಇಂದು ಜಿಎಸ್‌ಟಿ, ಇ-ವೇ ಬಿಲ್, ಆದಾಯ ತೆರಿಗೆ, ಭವಿಷ್ಯ ನಿಧಿ, ಇಎಸ್‌ಐ, ಉದ್ಯಮ್ ನೋಂದಣಿ, ವಿದ್ಯುತ್ ಬಿಲ್ಲು, ಬ್ಯಾಂಕು, ಇ-ಮೇಲ್ ಎಂದು ಹತ್ತಾರು ಪಾಸ್‌ವರ್ಡ್‌ಗಳಿವೆ. ಅವುಗಳಲ್ಲಿ ಕೆಲವು ಮಾಲೀಕರ ಮೊಬೈಲಿನಲ್ಲಿ, ಕೆಲವು ಗುಮಾಸ್ತರ ಡೈರಿಯಲ್ಲಿ, ಉಳಿದವು ಕಚೇರಿಯ ಕಂಪ್ಯೂಟರಿನಲ್ಲಿ ಯಾರದೋ ಸ್ವಂತ ಇ-ಮೇಲ್ ಖಾತೆಯೊಂದಿಗೆ ಸೇರಿಕೊಂಡಿರುತ್ತವೆ. ಹೀಗೆ ಬೆರೆತು ಹೋಗುವುದರ ಪರಿಣಾಮವೇನು, ಬೇರ್ಪಡಿಸುವ ಬಗೆ ಯಾವುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ನಮ್ಮಲ್ಲೇ ನಡೆದದ್ದು

ಜಿಎಸ್‌ಟಿ 2017ರ ಜುಲೈ 1ರಂದು ಜಾರಿಗೆ ಬಂದಾಗ ಅನೇಕ ವ್ಯಾಪಾರಿಗಳು ನೋಂದಣಿಯ ಕೆಲಸವನ್ನು ಮಧ್ಯವರ್ತಿಗಳಿಗೆ ಒಪ್ಪಿಸಿದ್ದರು. ಕೆಲವು ಮಧ್ಯವರ್ತಿಗಳು ತಮ್ಮದೇ ಇ-ಮೇಲ್ ಹಾಗೂ ಮೊಬೈಲ್ ಸಂಖ್ಯೆಯನ್ನು ನಮೂದಿಸಿ, ಅನಂತರ ಲಾಗಿನ್ ವಿವರಗಳನ್ನು ಕೊಡದೆ ಸತಾಯಿಸಿದರು. ದೂರುಗಳು ಹೆಚ್ಚಿದಾಗ ಕೇಂದ್ರ ಹಣಕಾಸು ಸಚಿವಾಲಯವು 2018ರ ಜುಲೈನಲ್ಲಿ ಪರಿಹಾರ ಕ್ರಮವೊಂದನ್ನು ಪ್ರಕಟಿಸಿತು. ಅದರಂತೆ ವ್ಯಾಪಾರಿಯು ತನ್ನ ವ್ಯಾಪ್ತಿಯ ತೆರಿಗೆ ಅಧಿಕಾರಿಗೆ ದಾಖಲೆಗಳನ್ನು ಒಪ್ಪಿಸಿ ಇ-ಮೇಲ್ ಮತ್ತು ಮೊಬೈಲ್ ಸಂಖ್ಯೆಯನ್ನು ಬದಲಿಸಿಕೊಳ್ಳಬಹುದಾಯಿತು. ತನ್ನದೇ ವ್ಯವಹಾರದ ಬಾಗಿಲು ತೆರೆಯಲು ವ್ಯಾಪಾರಿಯು ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಬೇಕಾಗಿ ಬಂದುದಕ್ಕೆ ಒಂದೇ ಕಾರಣವಿತ್ತು: ಸಂಸ್ಥೆಯ ಕೀಲಿಕೈ ಬೇರೊಬ್ಬ ವ್ಯಕ್ತಿಯ ಸ್ವಂತ ಖಾತೆಗೆ ಅಂಟಿಕೊಂಡಿತ್ತು.

ದೊಡ್ಡ ಕಂಪನಿಗಳೂ ಹೊರತಲ್ಲ

ಅಮೆರಿಕದ ಸಿಸ್ಕೋ ಕಂಪನಿಯ ಜಾಲಕ್ಕೆ 2022ರ ಮೇ ತಿಂಗಳಲ್ಲಿ ಕನ್ನ ಬಿದ್ದಿತು. ನೌಕರನೊಬ್ಬನ ಸ್ವಂತ ಗೂಗಲ್ ಖಾತೆಯನ್ನು ವಶಪಡಿಸಿಕೊಂಡ ಕಳ್ಳರಿಗೆ, ಆತ ಬ್ರೌಸರಿನಲ್ಲಿ ಉಳಿಸಿಟ್ಟಿದ್ದ ಕಂಪನಿಯ ಪಾಸ್‌ವರ್ಡ್ ಕೂಡ ಅದೇ ಖಾತೆಯಲ್ಲಿ ದೊರೆಯಿತು. ಬಳಿಕ ದೂರವಾಣಿ ಕರೆಗಳಿಂದಲೂ ಮೊಬೈಲಿಗೆ ಮೇಲಿಂದ ಮೇಲೆ ಕಳುಹಿಸಿದ ಅನುಮತಿ ಕೋರಿಕೆಗಳಿಂದಲೂ ಆತನನ್ನು ಒಪ್ಪಿಸಿ ಅವರು ಒಳಹೊಕ್ಕರು.

ಮುಂದಿನ ವರ್ಷ ಓಕ್ಟಾ ಎಂಬ ಕಂಪನಿಯಲ್ಲಿ ಇಂಥದೇ ಘಟನೆ ನಡೆಯಿತು. ಇತರ ಕಂಪನಿಗಳಿಗೆ ಲಾಗಿನ್ ಸುರಕ್ಷತೆ ಒದಗಿಸುವುದೇ ಇದರ ವ್ಯವಹಾರ. ನೌಕರರೊಬ್ಬರು ಕಂಪನಿಯ ಲ್ಯಾಪ್‌ಟಾಪಿನ ಕ್ರೋಮ್ ಬ್ರೌಸರಿನಲ್ಲಿ ತಮ್ಮ ಸ್ವಂತ ಗೂಗಲ್ ಖಾತೆಗೆ ಲಾಗಿನ್ ಆಗಿದ್ದರು. ಕಂಪನಿಯ ಒಂದು ಪಾಸ್‌ವರ್ಡ್ ಆ ಸ್ವಂತ ಖಾತೆಯಲ್ಲಿ ಉಳಿದಿತ್ತು. 134 ಗ್ರಾಹಕ ಸಂಸ್ಥೆಗಳ ಕಡತಗಳು ಹೊರಗಿನವರ ಕೈಸೇರಿದವೆಂದು ಕಂಪನಿಯು 2023ರ ನವೆಂಬರಿನಲ್ಲಿ ತಿಳಿಸಿತು. ನೌಕರರ ಸ್ವಂತ ಗೂಗಲ್ ಖಾತೆ ಅಥವಾ ಸ್ವಂತ ಉಪಕರಣದ ಮೂಲಕವೇ ಪಾಸ್‌ವರ್ಡ್ ಸೋರಿರುವ ಸಂಭವ ಹೆಚ್ಚೆಂದೂ ಹೇಳಿತು.

ಈ ಎರಡೂ ಪ್ರಕರಣಗಳಲ್ಲಿ ನೌಕರರ ಮೋಸವೆಂಬುದು ಕಂಡುಬರಲಿಲ್ಲ. ‘ಪಾಸ್‌ವರ್ಡ್ ಉಳಿಸಲೇ?’ ಎಂದು ಬ್ರೌಸರ್ ಕೇಳಿದಾಗ ಯಾವ ಖಾತೆಯಲ್ಲಿ ಎಂದು ನೋಡದೆ ‘ಹೌದು’ ಎನ್ನುವ ಅಭ್ಯಾಸ ನಮ್ಮೆಲ್ಲ ಕಚೇರಿಗಳಲ್ಲೂ ಇದೆ.

ಬೇರ್ಪಡಿಸುವ ಕ್ರಮ

ಪಾಸ್‌ವರ್ಡ್ ಮ್ಯಾನೇಜರ್ ಎಂಬುದು ಎಲ್ಲ ಪಾಸ್‌ವರ್ಡ್‌ಗಳನ್ನು ಗೂಢಲಿಪಿಯಲ್ಲಿ ಇಡುವ ತಿಜೋರಿ. ಅದನ್ನು ತೆರೆಯಲು ಒಂದು ಮುಖ್ಯ ಪಾಸ್‌ವರ್ಡ್ ಇರುತ್ತದೆ. ಬಿಟ್‌ವಾರ್ಡನ್, ಒನ್‌ಪಾಸ್‌ವರ್ಡ್, ಕೀಪಾಸ್ ಮುಂತಾದವು ಇಂಥ ತಂತ್ರಾಂಶಗಳು. ಉದ್ದಿಮೆದಾರರು ಕೆಳಗಿನ ಕ್ರಮವನ್ನು ಅನುಸರಿಸಬಹುದು.

1. ಎರಡು ಪ್ರತ್ಯೇಕ ಖಾತೆಗಳಿರಲಿ. ಸಂಸ್ಥೆಯ ಖಾತೆಯನ್ನು ಸಂಸ್ಥೆಯ ಇ-ಮೇಲ್‌ನಿಂದ, ಮನೆಯದನ್ನು ಸ್ವಂತ ಇ-ಮೇಲ್‌ನಿಂದ ತೆರೆಯಬೇಕು. ಎರಡರ ಮುಖ್ಯ ಪಾಸ್‌ವರ್ಡ್‌ಗಳೂ ಬೇರೆ ಬೇರೆಯಾಗಿರಬೇಕು. ಒಂದೇ ಖಾತೆಯೊಳಗೆ ‘ಮನೆ’, ‘ಕಚೇರಿ’ ಎಂದು ಎರಡು ವಿಭಾಗ ಮಾಡಿದರೆ ಸಾಲದು. ಆ ಖಾತೆ ಸೋರಿದ ದಿನ ಎರಡೂ ಸೋರುತ್ತವೆ.

2. ಪ್ರತಿ ಸಲ ಒಂದರಿಂದ ಹೊರಬಂದು ಇನ್ನೊಂದಕ್ಕೆ ಹೋಗಬೇಕಾಗಿಲ್ಲ. ಬಿಟ್‌ವಾರ್ಡನ್‌ನಲ್ಲಿ ಐದು ಖಾತೆಗಳವರೆಗೆ ಒಟ್ಟಿಗೆ ಲಾಗಿನ್ ಆಗಿದ್ದು ಒಂದರಿಂದ ಇನ್ನೊಂದಕ್ಕೆ ಬದಲಾಯಿಸಬಹುದು. ಆದರೆ ಹೊಸ ಪಾಸ್‌ವರ್ಡ್ ಉಳಿಸುವ ಮುನ್ನ ಯಾವ ಖಾತೆ ಚಾಲ್ತಿಯಲ್ಲಿದೆ ಎಂದು ನೋಡಿಕೊಳ್ಳಬೇಕು. ತಪ್ಪು ಪುಸ್ತಕದಲ್ಲಿ ಜಮಾ ಬರೆದಂತೆ ತಪ್ಪು ತಿಜೋರಿಯಲ್ಲಿ ಪಾಸ್‌ವರ್ಡ್ ಸೇರುವುದು ಇಲ್ಲಿಯೇ.

3. ಬ್ರೌಸರನ್ನೂ ಬೇರ್ಪಡಿಸಬೇಕು. ಕ್ರೋಮ್‌ನಲ್ಲಿ ಸಂಸ್ಥೆಗೆ ಒಂದು ಪ್ರೊಫೈಲ್, ಸ್ವಂತಕ್ಕೆ ಇನ್ನೊಂದು ಪ್ರೊಫೈಲ್ ಮಾಡಿಕೊಳ್ಳಬಹುದು. ಕಚೇರಿಯ ಕಂಪ್ಯೂಟರಿನಲ್ಲಿ ಸ್ವಂತ ಖಾತೆಯ ಲಾಗಿನ್ ಇಲ್ಲದಿದ್ದರೆ ಇನ್ನೂ ಉತ್ತಮ. ಬ್ರೌಸರಿನಲ್ಲಿ ಈಗಾಗಲೇ ಉಳಿದಿರುವ ಕಚೇರಿಯ ಪಾಸ್‌ವರ್ಡ್‌ಗಳನ್ನು ತಿಜೋರಿಗೆ ಸಾಗಿಸಿ, ಅಲ್ಲಿಂದ ಅಳಿಸಬೇಕು.

4. ಹಂಚಿಕೊಳ್ಳುವ ಮುನ್ನ ಪ್ರತ್ಯೇಕ ಲಾಗಿನ್ ಸಿಗುವುದೇ ಎಂದು ವಿಚಾರಿಸಬೇಕು. ಇ-ವೇ ಬಿಲ್ ವ್ಯವಸ್ಥೆಯಲ್ಲಿ ಉಪ-ಬಳಕೆದಾರರನ್ನು ಸೃಷ್ಟಿಸಲು ಅವಕಾಶವಿದೆ. ಎರಡು ಹಂತದ ದೃಢೀಕರಣವು 2025ರ ಏಪ್ರಿಲ್ 1ರಿಂದ ಅಲ್ಲಿ ಎಲ್ಲರಿಗೂ ಕಡ್ಡಾಯವಾಗಿದೆ. ಉಪ-ಬಳಕೆದಾರರ ಒಟಿಪಿ ಅವರವರ ನೋಂದಾಯಿತ ಮೊಬೈಲಿಗೆ ಬರುತ್ತದೆ. ಆದ್ದರಿಂದ ಲಾರಿ ನಿಲ್ಲಿಸಿಕೊಂಡು ಮಾಲೀಕರ ಒಟಿಪಿಗೆ ಕಾಯುವ ಅಗತ್ಯವಿಲ್ಲ. ಬ್ಯಾಂಕಿನಲ್ಲಿಯೂ ಪಾವತಿ ದಾಖಲಿಸುವವರಿಗೆ ಒಂದು, ಅನುಮೋದಿಸುವವರಿಗೆ ಇನ್ನೊಂದು ಲಾಗಿನ್ ಕೇಳಿ ಪಡೆಯುವುದು ಲೇಸು.

5. ಹಂಚಲೇಬೇಕಾದ ಪಾಸ್‌ವರ್ಡ್‌ಗಳನ್ನು ಸಂಸ್ಥೆಯ ಖಾತೆಯ ಮೂಲಕವೇ ಹಂಚಬೇಕು. ಉದ್ದಿಮೆಗಳಿಗಾಗಿ ರೂಪಿಸಿದ ಯೋಜನೆಗಳಲ್ಲಿ ಲೆಕ್ಕಪತ್ರ, ಖರೀದಿ, ಮಾರಾಟ ಎಂದು ವಿಂಗಡಿಸಿ ಅವರವರಿಗೆ ಬೇಕಾದಷ್ಟನ್ನೇ ತೋರಿಸಬಹುದು. ವಾಟ್ಸ್‌ಆ್ಯಪ್ ಸಂದೇಶದಲ್ಲಿ ಕಳುಹಿಸಿದ ಪಾಸ್‌ವರ್ಡ್ ಎರಡೂ ಕಡೆಯ ಸ್ವಂತ ಮೊಬೈಲುಗಳಲ್ಲಿ ಉಳಿದುಬಿಡುತ್ತದೆ.

ನೌಕರರ ಹಿತವೂ ಇದರಲ್ಲಿದೆ

ಸಂಸ್ಥೆಯ ಖಾತೆಯಲ್ಲಿ ನೌಕರರು ತಮ್ಮ ಸ್ವಂತ ಬ್ಯಾಂಕಿನ ಪಾಸ್‌ವರ್ಡ್ ಇಡುವುದೂ ಸರಿಯಲ್ಲ. ಮರೆತ ಮುಖ್ಯ ಪಾಸ್‌ವರ್ಡನ್ನು ಹೊಸದಾಗಿ ಹೊಂದಿಸಿಕೊಡುವ ಅಧಿಕಾರ ಅನೇಕ ಉದ್ದಿಮೆ ಯೋಜನೆಗಳಲ್ಲಿ ಸಂಸ್ಥೆಯ ಆಡಳಿತಗಾರರಿಗೆ ಇರುತ್ತದೆ. ಕೆಲಸ ಬಿಟ್ಟ ದಿನ ಆ ಖಾತೆಯೂ ಕೈತಪ್ಪುತ್ತದೆ. ಒನ್‌ಪಾಸ್‌ವರ್ಡ್‌ನ ಬಿಸಿನೆಸ್ ಯೋಜನೆಯಲ್ಲಿ ಪ್ರತಿ ನೌಕರರಿಗೂ ಕುಟುಂಬದ ಬಳಕೆಗೆ ಪ್ರತ್ಯೇಕ ಉಚಿತ ಖಾತೆ ನೀಡುವುದು ಈ ಕಾರಣದಿಂದಲೇ ಉಪಯುಕ್ತ.

ನೌಕರರು ಬಿಟ್ಟು ಹೋಗುವಾಗ ಅವರನ್ನು ಸಂಸ್ಥೆಯ ಖಾತೆಯಿಂದ ತೆಗೆದುಹಾಕಿದರೆ ಅರ್ಧ ಕೆಲಸವಷ್ಟೇ ಮುಗಿಯಿತು. ಕೀಲಿಕೈ ಹಿಂದಿರುಗಿಸಿದವರ ಬಳಿ ನಕಲು ಇಲ್ಲವೆಂದು ಹೇಳಲಾಗದು. ಅವರು ಬಳಸುತ್ತಿದ್ದ ಪಾಸ್‌ವರ್ಡ್‌ಗಳನ್ನು ಅದೇ ದಿನ ಬದಲಿಸಬೇಕು. ನೋಂದಾಯಿತ ಮೊಬೈಲ್ ಸಂಖ್ಯೆ ಅವರದಾಗಿದ್ದರೆ ಅದನ್ನೂ ಬದಲಿಸಬೇಕು.

ಸಣ್ಣ ಘಟಕಗಳಿಗೆ

ತಿಂಗಳ ಶುಲ್ಕ ಬೇಡವೆನ್ನುವವರಿಗೆ ಕೀಪಾಸ್ ಉಚಿತವಾಗಿ ದೊರೆಯುತ್ತದೆ. ಅದರಲ್ಲಿ ಪಾಸ್‌ವರ್ಡ್‌ಗಳು ನಮ್ಮದೇ ಕಂಪ್ಯೂಟರಿನ ಒಂದು ಕಡತದಲ್ಲಿರುತ್ತವೆ. ಸಂಸ್ಥೆಗೆ ಒಂದು ಕಡತ, ಮನೆಗೆ ಒಂದು ಕಡತ ಮಾಡಿಕೊಂಡು, ಎರಡರ ಪ್ರತಿಗಳನ್ನೂ ಬೇರೆ ಕಡೆ ಇಟ್ಟುಕೊಳ್ಳಬೇಕು.

ಏಕಮಾಲೀಕತ್ವದ ಸಂಸ್ಥೆಗಳು ಇನ್ನೊಂದು ವಿಷಯವನ್ನು ಯೋಚಿಸಬೇಕು. ಮಾಲೀಕರು ಆಸ್ಪತ್ರೆ ಸೇರಿದರೆ 20ನೇ ತಾರೀಖಿನ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರು ಯಾರು? ಸಂಸ್ಥೆಯ ಮುಖ್ಯ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಅರಗು ಹಾಕಿ ಬ್ಯಾಂಕ್ ಲಾಕರಿನಲ್ಲಿಟ್ಟು, ಮನೆಯ ಒಬ್ಬರಿಗೆ ತಿಳಿಸಿರುವುದು ಕ್ಷೇಮ. ಖಾತೆಗಳು ಪ್ರತ್ಯೇಕವಾಗಿದ್ದರೆ ವ್ಯವಹಾರದ್ದನ್ನು ಮಗನಿಗೋ ಪಾಲುದಾರರಿಗೋ ಒಪ್ಪಿಸುವಾಗ ಸ್ವಂತದ ಗುಟ್ಟುಗಳನ್ನೂ ಒಪ್ಪಿಸಬೇಕಾಗಿ ಬರುವುದಿಲ್ಲ.

ಇಷ್ಟಾದರೂ ಹಣ ಕಳುವಾದರೆ ತಡಮಾಡದೆ ಬ್ಯಾಂಕಿಗೂ, ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ದೂರು ನೀಡಬೇಕು.

ಸದಸ್ಯರು ಮೊದಲ ಹೆಜ್ಜೆಯಾಗಿ ಸಂಸ್ಥೆಯ ಎಲ್ಲ ಲಾಗಿನ್‌ಗಳ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ನೋಂದಾಯಿತ ಇ-ಮೇಲ್ ಮತ್ತು ಮೊಬೈಲ್ ಯಾರದೆಂದು ಬರೆಯಲಿ. ಸಂಸ್ಥೆಯದಲ್ಲದ ಹೆಸರು ಎಲ್ಲೆಲ್ಲಿ ಕಾಣುವುದೋ ಅಲ್ಲಿಂದಲೇ ಬೇರ್ಪಡಿಸುವ ಕೆಲಸ ಆರಂಭವಾಗಬೇಕು.