ಮೂಕಜೀವಿಗೆ ವೈದ್ಯರು: ಮೊದಲೇ ವಿಚಾರಿಸಿ

ಸರಕು ಕೊಳ್ಳುವಾಗ ನಾಲ್ಕು ಕಡೆ ವಿಚಾರಿಸುವ ನಾವು, ಸಾಕುನಾಯಿಗೆ ಕಾಯಿಲೆ ಬಂದ ಮೇಲಷ್ಟೇ ವೈದ್ಯರನ್ನು ಹುಡುಕುತ್ತೇವೆ. ಬೊಕ್ಕಾಪುರದಂತಹ ಕಾಡಂಚಿನ ಊರಿನಲ್ಲಿ ಇದು ಅಪಾಯ. ಮಸಿನಗುಡಿಯಿಂದ ಉದಕಮಂಡಲಕ್ಕೆ ಕಲ್ಲಟ್ಟಿ ಘಾಟಿಯ 36 ತಿರುವು ಹತ್ತಬೇಕು. ಆದ್ದರಿಂದ ತುರ್ತಿಗೆ ಹತ್ತಿರದವರು, ಶಸ್ತ್ರಚಿಕಿತ್ಸೆಗೆ ಸೌಲಭ್ಯ ಉಳ್ಳವರು ಎಂದು ಇಬ್ಬರನ್ನು ಗೊತ್ತುಮಾಡಿಕೊಳ್ಳಿ.

ಶುಲ್ಕವನ್ನಷ್ಟೇ ಹೋಲಿಸಬೇಡಿ. ರಾತ್ರಿ ಸಿಗುವರೇ? ಎಕ್ಸ್‌ರೇ, ರಕ್ತಪರೀಕ್ಷೆ ಉಂಟೇ? ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಕರೆಂಟು ಹೋದರೆ ಏನು ವ್ಯವಸ್ಥೆ? ಇವನ್ನೂ ಕೇಳಿ.

ರೇಬೀಸ್ ಲಕ್ಷಣ ಕಂಡ ಮೇಲೆ ಮದ್ದಿಲ್ಲ. ಹುಚ್ಚುನಾಯಿ ಕಡಿತದ ಚಿಕಿತ್ಸೆಗೆಂದೇ ಇದೇ ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿ ಪಾಶ್ಚರ್ ಸಂಸ್ಥೆ ಆರಂಭವಾಯಿತು. ಮರಿಗೆ ಮೂರು ತಿಂಗಳಾದಾಗ ಮೊದಲ ಚುಚ್ಚುಮದ್ದು ಹಾಕಿಸಿ, ಮುಂದಿನ ತಾರೀಖನ್ನು ಲೆಕ್ಕದ ಪುಸ್ತಕದಲ್ಲೇ ಬರೆದಿಡಿ. ಅದು ನಾಯಿಯನ್ನೂ ಕಾಯುತ್ತದೆ, ಮನೆಯ ಮಕ್ಕಳನ್ನೂ ಕಾಯುತ್ತದೆ.