ಮಧುಮೇಹಿಗಳ ಕಾಲಿನ ರಕ್ತಸಂಚಾರ ಮತ್ತು ಆಕರಕೋಶ ಚಿಕಿತ್ಸೆ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ತೋಟಗಳಲ್ಲಿ ಮಳೆಗಾಲದ ಕೆಸರಿನ ನಡುವೆ ಬರಿಗಾಲಿನಲ್ಲಿ ದುಡಿಯುವವರಿಗೆ ಮುಳ್ಳು ಚುಚ್ಚುವುದು, ಬೆರಳಸಂದಿ ಹುಣ್ಣಾಗುವುದು ಹೊಸತೇನಲ್ಲ. ಆದರೆ ಮಧುಮೇಹಿಗಳಲ್ಲಿ ಇಂತಹ ಸಣ್ಣ ಗಾಯವೇ ಕಾಲನ್ನು ಕಳೆದುಕೊಳ್ಳಲು ಕಾರಣವಾಗಬಹುದು.

ರಕ್ತದಲ್ಲಿ ಸಕ್ಕರೆಯ ಪ್ರಮಾಣ ಬಹುಕಾಲ ಹೆಚ್ಚಾಗಿದ್ದರೆ ಅಪಧಮನಿಗಳ ಒಳಗೋಡೆಗೆ ಹಾನಿಯಾಗಿ, ಅಲ್ಲಿ ಕೊಬ್ಬು ಶೇಖರಗೊಂಡು ರಕ್ತದ ದಾರಿ ಕಿರಿದಾಗುತ್ತದೆ. ನಡೆಯುವಾಗ ಮೀನಖಂಡದಲ್ಲಿ ನೋವು ಬಂದು, ನಿಂತಾಗ ಶಮನವಾಗುವುದು ಇದರ ಮುಖ್ಯ ಲಕ್ಷಣ. ಮಧುಮೇಹವು ನರಗಳನ್ನೂ ಕುಂದಿಸುವುದರಿಂದ ಹಲವರಿಗೆ ಆ ನೋವೇ ತಿಳಿಯುವುದಿಲ್ಲ. ಆದ್ದರಿಂದ ತಣ್ಣಗಾದ ಪಾದ, ಬಣ್ಣಗೆಟ್ಟ ಬೆರಳು, ಎರಡು ವಾರ ಕಳೆದರೂ ಮಾಯದ ಹುಣ್ಣು ಇವುಗಳನ್ನು ನಾವು ಉಪೇಕ್ಷಿಸಬಾರದು. ಕಣಕಾಲು ಮತ್ತು ತೋಳಿನ ರಕ್ತದೊತ್ತಡಗಳನ್ನು ಹೋಲಿಸಿದಾಗ ಬರುವ ಅನುಪಾತವು 0.9ಕ್ಕಿಂತ ಕಡಿಮೆಯಿದ್ದರೆ ರೋಗವಿದೆಯೆಂದು ತಿಳಿಯಬೇಕು. ಮಧುಮೇಹಿಗಳ ರಕ್ತನಾಳ ಗಡುಸಾಗಿದ್ದರೆ ಈ ಅಂಕಿ ಸಹಜದಂತೆ ತೋರುವುದೂ ಉಂಟು. ಆಗ ಕಾಲ್ಬೆರಳಿನ ಒತ್ತಡವನ್ನು ಅಳೆಯುತ್ತಾರೆ.

ಔಷಧಿಗಳ ಜೊತೆಗೆ, ಅಗತ್ಯವಿದ್ದಲ್ಲಿ ಬಲೂನಿನಿಂದ ನಾಳವನ್ನು ಹಿಗ್ಗಿಸುವುದು ಅಥವಾ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡುವುದು ಪ್ರಮುಖ ಮಾರ್ಗಗಳು. ಇವೆರಡೂ ಸಾಧ್ಯವಾಗದ ತೀವ್ರ ರೋಗಿಗಳಿಗಾಗಿ ಆಕರಕೋಶ, ಅಂದರೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ರೂಪಿಸಲಾಗಿದೆ. ಈ ಕೋಶಗಳು ಮುಚ್ಚಿದ ನಾಳವನ್ನು ತೆರೆಯುವುದಿಲ್ಲ. ಹೊಸ ಕಿರುನಾಳಗಳು ಚಿಗುರಲು ನೆರವಾಗುವ ದ್ರವ್ಯಗಳನ್ನು ಸ್ರವಿಸುತ್ತವೆ.

2002ರಲ್ಲಿ ಜಪಾನಿನ ವೈದ್ಯರು ರೋಗಿಯದೇ ಅಸ್ಥಿಮಜ್ಜೆಯ ಕೋಶಗಳನ್ನು ಕಾಲಿನ ಸ್ನಾಯುವಿಗೆ ಚುಚ್ಚಿ ಭರವಸೆಯ ಫಲಿತಾಂಶ ಕಂಡರು. ಆದರೆ 2015ರಲ್ಲಿ ಪ್ರಕಟವಾದ, ನೆದರ್ಲೆಂಡ್ಸಿನ 160 ರೋಗಿಗಳ ಅಧ್ಯಯನದಲ್ಲಿ, ಅಪಧಮನಿಯ ಮೂಲಕ ನೀಡಿದ ಇಂತಹ ಕೋಶಗಳಿಂದ ಕಾಲು ಕತ್ತರಿಸುವ ಪ್ರಮಾಣ ತಗ್ಗಲಿಲ್ಲ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯು ಆರೋಗ್ಯವಂತ ದಾನಿಗಳ ಅಸ್ಥಿಮಜ್ಜೆಯಿಂದ ಬೆಳೆಸಿದ ‘ಸ್ಟೆಂಪ್ಯೂಸೆಲ್’ಗೆ 2020ರಲ್ಲಿ ಭಾರತದ ಔಷಧ ಮಹಾನಿಯಂತ್ರಕರ ಅನುಮತಿ ದೊರೆಯಿತು. ತಂಬಾಕಿನೊಂದಿಗೆ ನಂಟುಳ್ಳ ಬರ್ಗರ್ ಕಾಯಿಲೆ ಹಾಗೂ ಕೊಬ್ಬಿನಿಂದ ನಾಳ ಮುಚ್ಚುವ ರೋಗ ವಿಷಮಿಸಿದಾಗ ಬಳಸಲು ಈ ಅನುಮತಿಯಿದೆ. ಇದು ಮಧುಮೇಹವನ್ನು ಗುಣಪಡಿಸುವ ಮದ್ದಲ್ಲ.

ಆದುದರಿಂದ ಯಾರಾದರೂ ಈ ಚಿಕಿತ್ಸೆಯನ್ನು ಸೂಚಿಸಿದಾಗ ಮೂರು ಪ್ರಶ್ನೆಗಳನ್ನು ಕೇಳಬೇಕು: ರಕ್ತನಾಳ ತಜ್ಞರು ಪರೀಕ್ಷಿಸಿದ್ದಾರೆಯೇ? ಬಲೂನು ಅಥವಾ ಬೈಪಾಸ್ ನಿಜಕ್ಕೂ ಸಾಧ್ಯವಿಲ್ಲವೇ? ಬಳಸುವ ಕೋಶಗಳಿಗೆ ಅನುಮತಿಯಿದೆಯೇ? ಈ ಮೂರಕ್ಕೂ ಸ್ಪಷ್ಟ ಉತ್ತರ ದೊರೆಯದೆ ಹಣ ಕಟ್ಟುವುದು ಸಲ್ಲದು.

ಪ್ರತಿದಿನ ರಾತ್ರಿ ಪಾದಗಳನ್ನು ತೊಳೆದು, ಬೆರಳಸಂದಿಗಳನ್ನು ಒರೆಸಿ, ಅಂಗಾಲನ್ನು ಪರೀಕ್ಷಿಸೋಣ. ತೋಟಕ್ಕೆ ಪಾದರಕ್ಷೆ ಧರಿಸಿಯೇ ಇಳಿಯೋಣ. ಬೀಡಿಯನ್ನೂ ವೀಳ್ಯದೊಂದಿಗಿನ ಹೊಗೆಸೊಪ್ಪನ್ನೂ ತ್ಯಜಿಸೋಣ. ಕಾಯಕಕ್ಕೆ ಒಯ್ಯುವ ಕಾಲುಗಳನ್ನು ಉಳಿಸಿಕೊಳ್ಳುವ ಮೊದಲ ಚಿಕಿತ್ಸೆ ನಮ್ಮ ಮನೆಯಲ್ಲಿಯೇ ಇದೆ.