ಔಷಧಿ ಅಂಗಡಿಯಿಂದ ಬೋಧನೆಗೆ ಹಾಗೂ ಹಿರಿಯರ ಆರೈಕೆಗೆ: ನೋಂದಾಯಿತ ಫಾರ್ಮಸಿಸ್ಟರಿಗೆ ವೃತ್ತಿ ಮಾರ್ಗದರ್ಶನ

(ಕಾರ್ಕಳ ಮತ್ತು ಸುತ್ತಮುತ್ತಲಿನ ತಾಲ್ಲೂಕುಗಳ ಅಭ್ಯರ್ಥಿಗಳು ಹಾಗೂ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ವೈದ್ಯರ ಚೀಟಿ ನೋಡಿ ಮಾತ್ರೆ ಎಣಿಸಿ ಕೊಡುವುದಷ್ಟೇ ಫಾರ್ಮಸಿಸ್ಟರ ಕೆಲಸ ಎಂಬ ಭಾವನೆ ಸಾರ್ವಜನಿಕರಲ್ಲಿ ಮಾತ್ರವಲ್ಲ, ಕೆಲವು ಫಾರ್ಮಸಿಸ್ಟರಲ್ಲಿಯೂ ಇದೆ. ಕಾನೂನಿನ ದೃಷ್ಟಿಯಲ್ಲಿ ಇದು ಸರಿಯಲ್ಲ. ಭಾರತೀಯ ಫಾರ್ಮಸಿ ಪರಿಷತ್ತು 2015ರಲ್ಲಿ ಹೊರಡಿಸಿದ ಫಾರ್ಮಸಿ ವೃತ್ತಿ ನಿಯಮಾವಳಿಯ ಪ್ರಕಾರ ಔಷಧದ ಹೆಸರು, ಪ್ರಮಾಣ, ಸೇವಿಸುವ ಕ್ರಮ, ಅವಧಿ, ಅಡ್ಡಪರಿಣಾಮ, ಸಂಗ್ರಹಿಸುವ ವಿಧಾನ ಮತ್ತು ಒಂದು ಹೊತ್ತಿನ ಔಷಧ ತಪ್ಪಿದಲ್ಲಿ ಅನುಸರಿಸಬೇಕಾದ ಕ್ರಮ, ಇವುಗಳನ್ನು ರೋಗಿಗೆ ಅಥವಾ ರೋಗಿಯನ್ನು ನೋಡಿಕೊಳ್ಳುವವರಿಗೆ ತಿಳಿಸಿಕೊಡುವುದು ಫಾರ್ಮಸಿಸ್ಟರ ಕರ್ತವ್ಯವಾಗಿದೆ. ಅಂದರೆ ಬೋಧನೆ ಮತ್ತು ಆರೈಕೆ ಎಂಬ ಎರಡು ಕಾರ್ಯಗಳೂ ಈ ವೃತ್ತಿಯೊಳಗೇ ಅಡಕವಾಗಿವೆ. ಇವುಗಳನ್ನೇ ಮುಖ್ಯ ವೃತ್ತಿಯನ್ನಾಗಿ ಮಾಡಿಕೊಳ್ಳಲು ಬಯಸುವವರಿಗೆ ಇರುವ ಹಂತಗಳನ್ನು, ಅರ್ಹತೆಗಳನ್ನು ಮತ್ತು ಮಿತಿಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

2. ಹಿರಿಯರಿಗೆ ಫಾರ್ಮಸಿಸ್ಟರ ನೆರವು ಏಕೆ ಅಗತ್ಯ?

2011ರ ಜನಗಣತಿಯಂತೆ 60 ವರ್ಷ ಮೇಲ್ಪಟ್ಟವರ ಪ್ರಮಾಣವು ದೇಶದಲ್ಲಿ ಶೇಕಡ 8.6 ಇದ್ದರೆ ಕರ್ನಾಟಕದಲ್ಲಿ ಶೇಕಡ 9.5ರಷ್ಟಿತ್ತು. ಕರಾವಳಿಯಲ್ಲಿ ಮಕ್ಕಳು ಮುಂಬಯಿ, ಬೆಂಗಳೂರು ಅಥವಾ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದು, ತಂದೆತಾಯಿ ಊರಿನ ಮನೆಯಲ್ಲಿ ಇಬ್ಬರೇ ಅಥವಾ ಒಬ್ಬರೇ ಇರುವುದು ಅಪರೂಪವಲ್ಲ. ರಕ್ತದೊತ್ತಡಕ್ಕೆ ಒಬ್ಬ ವೈದ್ಯರು, ಮಧುಮೇಹಕ್ಕೆ ಇನ್ನೊಬ್ಬರು, ಮಂಡಿನೋವಿಗೆ ಮತ್ತೊಬ್ಬರು ಔಷಧ ಬರೆದುಕೊಟ್ಟಿರುತ್ತಾರೆ. ಇವೆಲ್ಲವನ್ನೂ ಒಟ್ಟಾಗಿ ನೋಡುವ ಕಣ್ಣು ಹಲವು ಬಾರಿ ಇರುವುದಿಲ್ಲ. ಈ ಎಲ್ಲ ಚೀಟಿಗಳೂ ಬಂದು ಸೇರುವ ಒಂದೇ ಸ್ಥಳವೆಂದರೆ ಮನೆಯ ಹತ್ತಿರದ ಔಷಧಿ ಅಂಗಡಿ.

ವಯಸ್ಸಾದಂತೆ ಮೂತ್ರಪಿಂಡ ಮತ್ತು ಯಕೃತ್ತಿನ ಕಾರ್ಯಶಕ್ತಿ ಕುಗ್ಗುವುದರಿಂದ ಹಲವು ಔಷಧಗಳು ದೇಹದಲ್ಲಿ ಹೆಚ್ಚು ಕಾಲ ಉಳಿಯುತ್ತವೆ. ಮಧ್ಯವಯಸ್ಕರಿಗೆ ತೊಂದರೆಯಾಗದ ಪ್ರಮಾಣವೇ ಹಿರಿಯರಿಗೆ ಅಪಾಯಕಾರಿಯಾಗಬಹುದು. ಇದರ ತಿಳಿವಳಿಕೆಗಾಗಿ ಕೆಲವು ಉದಾಹರಣೆಗಳನ್ನು ಕೆಳಗೆ ನೀಡಲಾಗಿದೆ.

(ಅ) ಗ್ಲಿಮಿಪಿರೈಡ್ ಎಂಬ ಒಂದೇ ಔಷಧವು ಬೇರೆ ಬೇರೆ ಕಂಪನಿಗಳ ಬೇರೆ ಬೇರೆ ಹೆಸರುಗಳಲ್ಲಿ ದೊರೆಯುತ್ತದೆ. ಇಬ್ಬರು ವೈದ್ಯರು ಎರಡು ಹೆಸರಿನಲ್ಲಿ ಬರೆದುಕೊಟ್ಟಿದ್ದು, ಹಿರಿಯರು ಎರಡನ್ನೂ ನುಂಗಿದಲ್ಲಿ ರಕ್ತದ ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆವರು, ನಡುಕ, ಗಲಿಬಿಲಿ, ಪ್ರಜ್ಞೆ ತಪ್ಪುವಿಕೆ ಇದರ ಲಕ್ಷಣಗಳು. ಇವನ್ನು 'ವಯಸ್ಸಾಯಿತು, ಮರೆವು' ಎಂದು ಭಾವಿಸಿ ಕಡೆಗಣಿಸುವ ಸಂಭವವಿದೆ.

(ಆ) ರಕ್ತದೊತ್ತಡದ ಕೆಲವು ಮಾತ್ರೆಗಳನ್ನೂ ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ಸೇವಿಸುತ್ತಿರುವವರು ಮಂಡಿನೋವಿಗೆಂದು ಡೈಕ್ಲೋಫಿನಾಕ್ ಅಥವಾ ಐಬುಪ್ರೊಫೆನ್ ಅನ್ನು ತಾವೇ ಕೊಂಡು ಸೇವಿಸಿದಲ್ಲಿ, ಈ ಮೂರೂ ಸೇರಿ ಮೂತ್ರಪಿಂಡಕ್ಕೆ ಹಾನಿಯಾಗಬಹುದು.

(ಇ) ನಿದ್ರೆಯ ಮಾತ್ರೆ ಸೇವಿಸಿದ ಹಿರಿಯರು ರಾತ್ರಿ ಶೌಚಕ್ಕೆ ಎದ್ದಾಗ ತೂಕಡಿಕೆಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಅಪಾಯವಿದೆ. ಅನೇಕರು ಆ ಬಳಿಕ ಮೊದಲಿನಂತೆ ನಡೆದಾಡಲಾರರು.

(ಈ) 'ರಾತ್ರಿ ಊಟದ ನಂತರ' ಎಂಬ ಸೂಚನೆಯನ್ನು ಸೂರ್ಯಾಸ್ತದ ನಂತರ ಆಹಾರ ಸೇವಿಸದ ಜೈನ ಹಿರಿಯರಿಗೆ ಬೇರೆ ರೀತಿಯಲ್ಲಿಯೇ ವಿವರಿಸಬೇಕಾಗುತ್ತದೆ. ಏಕಾದಶಿ ಅಥವಾ ರಂಜಾನ್ ಉಪವಾಸ ಆಚರಿಸುವ ಮಧುಮೇಹಿಗಳು ಮಾತ್ರೆಯ ಹೊತ್ತನ್ನು ಮುಂಚಿತವಾಗಿ ವೈದ್ಯರಲ್ಲಿ ಕೇಳಿಕೊಳ್ಳುವಂತೆ ತಿಳಿಸಬೇಕಾಗುತ್ತದೆ. ಬೆಳಗಿನ ಗಂಜಿಯೂ ಊಟವೇ ಎಂಬುದನ್ನು ಸ್ಪಷ್ಟಪಡಿಸಬೇಕಾಗುತ್ತದೆ. ಮಾತ್ರೆಯ ಪಟ್ಟಿಯ ಮೇಲೆ ಇಂಗ್ಲಿಷಿನಲ್ಲಿ ಮುದ್ರಿತವಾದುದನ್ನು ತುಳು, ಕೊಂಕಣಿ, ಬ್ಯಾರಿ ಅಥವಾ ಕನ್ನಡದಲ್ಲಿ ಹೇಳಬಲ್ಲ, ಊರಿನ ಊಟದ ಹೊತ್ತನ್ನು ಬಲ್ಲ ಸ್ಥಳೀಯ ಫಾರ್ಮಸಿಸ್ಟರ ಮಹತ್ವವಿರುವುದು ಇಲ್ಲಿಯೇ.

3. ಈ ಕ್ಷೇತ್ರ ಬೆಳೆದು ಬಂದ ಬಗೆ

ಹಿರಿಯರಿಗೆ ಸಾಮಾನ್ಯವಾಗಿ ಸೂಕ್ತವಲ್ಲದ ಔಷಧಗಳ ಪಟ್ಟಿಯೊಂದನ್ನು ಅಮೆರಿಕದ ವೈದ್ಯ ಮಾರ್ಕ್ ಬೀಯರ್ಸ್ ಅವರು 1991ರಲ್ಲಿ ಪ್ರಕಟಿಸಿದರು. ಪರಿಷ್ಕೃತಗೊಳ್ಳುತ್ತ ಬಂದಿರುವ ಈ ಪಟ್ಟಿಯ ಹೊಸ ಆವೃತ್ತಿಯೊಂದು 2023ರಲ್ಲಿ ಹೊರಬಂದಿದೆ. ಅದೇ ದೇಶದಲ್ಲಿ ಹಿರಿಯರ ಔಷಧೋಪಚಾರದಲ್ಲಿ ಪರಿಣತರಾದ ಫಾರ್ಮಸಿಸ್ಟರಿಗೆ ಪ್ರತ್ಯೇಕ ಪ್ರಮಾಣಪತ್ರ ನೀಡುವ ವ್ಯವಸ್ಥೆಯು 1997ರಲ್ಲಿ ಆರಂಭವಾಯಿತು.

ಕರ್ನಾಟಕದಲ್ಲಿ ರೋಗಿಯ ಹಾಸಿಗೆಯ ಬಳಿ ನಿಂತು ಕಲಿಯುವ ಫಾರ್ಮಸಿ ಶಿಕ್ಷಣಕ್ಕೆ ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜು 1990ರ ದಶಕದ ಉತ್ತರಾರ್ಧದಲ್ಲಿ ನಾಂದಿ ಹಾಡಿತು. ಆಸ್ಟ್ರೇಲಿಯಾದ ಅಡಿಲೇಡ್ ನಗರದ, ಹಿಂದೆ ನಿವೃತ್ತ ಯೋಧರ ಚಿಕಿತ್ಸೆಗೆ ಮೀಸಲಾಗಿದ್ದ ಆಸ್ಪತ್ರೆಯೊಂದು ಇದಕ್ಕೆ ಸಹಕಾರ ನೀಡಿತು. ಉಡುಪಿ ಜಿಲ್ಲೆಯ ಮಟ್ಟಿಗೆ ಮಣಿಪಾಲದ ಫಾರ್ಮಸಿ ಕಾಲೇಜು 1963ರಷ್ಟು ಹಳೆಯದು. ಅಲ್ಲಿ ಬಿ.ಫಾರ್ಮ, ಎಂ.ಫಾರ್ಮ ಮತ್ತು ಫಾರ್ಮ.ಡಿ ಶಿಕ್ಷಣ ಲಭ್ಯವಿದ್ದು, ಕಸ್ತೂರ್ಬಾ ಆಸ್ಪತ್ರೆಯು ಸಮೀಪದಲ್ಲಿಯೇ ಇದೆ. ಕಾರ್ಕಳದವರಿಗೆ ಇದು ನಿತ್ಯ ಬಸ್ಸಿನಲ್ಲಿ ಹೋಗಿಬರಬಹುದಾದ ದೂರವಾಗಿದೆ.

4. ಮೊದಲ ಹಂತ: ನೋಂದಣಿ

ಯಾವ ಹಾದಿಯನ್ನು ಆರಿಸಿಕೊಂಡರೂ 1948ರ ಫಾರ್ಮಸಿ ಅಧಿನಿಯಮದ ಮೇರೆಗೆ ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ನೋಂದಣಿ ಹೊಂದಿರುವುದು ಮತ್ತು ಅದನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳುವುದು ಅವಶ್ಯಕ. 2015ರ ನಿಯಮಾವಳಿಯಂತೆ 5 ವರ್ಷಗಳ ಅವಧಿಯಲ್ಲಿ ಕನಿಷ್ಠ 2 ಪುನಶ್ಚೇತನ ತರಬೇತಿಗಳಿಗೆ ಹಾಜರಾಗತಕ್ಕದ್ದು. ಇವುಗಳ ಪ್ರಮಾಣಪತ್ರಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಡಿಪ್ಲೊಮಾ ಮುಗಿಸುತ್ತಿರುವವರು 2022ರ ನಿರ್ಗಮನ ಪರೀಕ್ಷಾ ನಿಯಮಾವಳಿಯು ತಮ್ಮ ಪ್ರವೇಶ ವರ್ಷಕ್ಕೆ ಅನ್ವಯಿಸುವುದೇ ಎಂಬುದನ್ನು ಕಾಲೇಜಿನಿಂದ ಮುಂಚಿತವಾಗಿ ಖಚಿತಪಡಿಸಿಕೊಳ್ಳತಕ್ಕದ್ದು.

5. ಬೋಧನೆಯ ಹಾದಿ

ಫಾರ್ಮಸಿ ಕಾಲೇಜುಗಳ ಬೋಧಕರ ಅರ್ಹತೆಯನ್ನು ಭಾರತೀಯ ಫಾರ್ಮಸಿ ಪರಿಷತ್ತಿನ 2014ರ ನಿಯಮಾವಳಿಯಲ್ಲಿ ನಿಗದಿಪಡಿಸಲಾಗಿದೆ. ಅಭ್ಯರ್ಥಿಗಳು ಮುಖ್ಯವಾಗಿ ಗಮನಿಸಬೇಕಾದ ಅಂಶಗಳು ಇಂತಿವೆ.

(ಅ) ಡಿ.ಫಾರ್ಮ ಮಾತ್ರ ಹೊಂದಿರುವವರು ಬೋಧಕ ಹುದ್ದೆಗೆ ಅರ್ಹರಲ್ಲ. ಅವರಿಗೆ ಕಾಲೇಜುಗಳಲ್ಲಿ ಪ್ರಯೋಗಾಲಯ ತಂತ್ರಜ್ಞರ ಹುದ್ದೆಗೆ ಅವಕಾಶವಿದೆ.

(ಆ) ಡಿ.ಫಾರ್ಮ ಆದವರು ಬಿ.ಫಾರ್ಮ ಪದವಿಯ ಎರಡನೇ ವರ್ಷಕ್ಕೆ ನೇರ ಪ್ರವೇಶ ಪಡೆಯಬಹುದು. 4 ವರ್ಷಗಳ ಪದವಿಯು ಅವರಿಗೆ 3 ವರ್ಷಗಳಲ್ಲಿ ಮುಗಿಯುತ್ತದೆ.

(ಇ) ಪದವಿ ತರಗತಿಗಳಿಗೆ ಪಾಠ ಹೇಳಲು ಬಿ.ಫಾರ್ಮ ನಂತರ ಎಂ.ಫಾರ್ಮ ಪಡೆದಿರಬೇಕು. ರೋಗಿಗಳ ಆರೈಕೆಯಲ್ಲಿ ಆಸಕ್ತಿಯುಳ್ಳವರಿಗೆ ಫಾರ್ಮಸಿ ಪ್ರಾಕ್ಟೀಸ್ ವಿಭಾಗವು ಸೂಕ್ತ. ಫಾರ್ಮ.ಡಿ ಪಡೆದವರಿಗೂ ಈ ವಿಭಾಗದಲ್ಲಿ ಬೋಧನೆಗೆ ಅವಕಾಶವಿದೆ.

(ಈ) ಫಾರ್ಮ.ಡಿ ಶಿಕ್ಷಣದ ಅವಧಿ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ 6 ವರ್ಷಗಳು. ಬಿ.ಫಾರ್ಮ ಆದವರಿಗೆ 3 ವರ್ಷಗಳು.

2020ರ ಶಿಕ್ಷಣ ನಿಯಮಾವಳಿಯ ಮೂಲಕ ಡಿ.ಫಾರ್ಮ ಪಠ್ಯಕ್ರಮದಲ್ಲಿ ಸಾಮಾಜಿಕ ಫಾರ್ಮಸಿ, ಸಮುದಾಯ ಫಾರ್ಮಸಿ ಮತ್ತು ಆಸ್ಪತ್ರೆ ಫಾರ್ಮಸಿ ವಿಷಯಗಳಿಗೆ ಪ್ರಾಮುಖ್ಯ ನೀಡಲಾಗಿದೆ. ಹತ್ತು ವರ್ಷ ಅಂಗಡಿಯಲ್ಲಿ ನಿಂತು ಹಿರಿಯರೊಡನೆ ಮಾತನಾಡಿದವರ ಅನುಭವವು ಈ ಪಾಠಗಳಲ್ಲಿ ಪುಸ್ತಕದಷ್ಟೇ ಉಪಯುಕ್ತವಾಗುತ್ತದೆ.

6. ಹಿರಿಯರ ಆರೈಕೆಯ ಹಾದಿ

ಇದಕ್ಕೆ ಅಂಗಡಿ ಬಿಡಬೇಕಾಗಿಲ್ಲ. ಪ್ರಾರಂಭಿಸುವ ಕ್ರಮವು ಸರಳವಾಗಿದೆ.

(ಅ) ನಿಗದಿತ ದಿನದಂದು, ಜನಸಂದಣಿ ಕಡಿಮೆಯಿರುವ ಹೊತ್ತಿನಲ್ಲಿ, ಹಿರಿಯರು ಮನೆಯಲ್ಲಿರುವ ಎಲ್ಲ ಔಷಧಿಗಳನ್ನು ಒಂದು ಚೀಲದಲ್ಲಿ ಹಾಕಿ ತರುವಂತೆ ತಿಳಿಸುವುದು. ಕಷಾಯ, ಚೂರ್ಣ, ಹಳೆಯ ಅರ್ಧ ಮುಗಿದ ಮಾತ್ರೆಗಳು, ಹಚ್ಚುವ ಎಣ್ಣೆ ಯಾವುದನ್ನೂ ಬಿಡಬಾರದು.

(ಆ) ಔಷಧದ ಮೂಲ ಹೆಸರು, ಹೊತ್ತು, ಉದ್ದೇಶ ಮತ್ತು ಬರೆದುಕೊಟ್ಟ ವೈದ್ಯರನ್ನು ಒಂದೇ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯುವುದು. ಒಂದು ಪ್ರತಿ ಹಿರಿಯರಿಗೆ, ಅವರು ಒಪ್ಪಿದಲ್ಲಿ ಇನ್ನೊಂದು ಮಕ್ಕಳಿಗೆ.

(ಇ) ಒಂದೇ ಔಷಧ ಎರಡು ಬಾರಿ ಬಂದಿದ್ದಲ್ಲಿ ಅಥವಾ ಸಂಶಯವಿದ್ದಲ್ಲಿ ವೈದ್ಯರಿಗೆ ಲಿಖಿತವಾಗಿ ತಿಳಿಸುವುದು.

(ಈ) ಸೂಚನೆಗಳನ್ನು ಹಿರಿಯರ ಬಾಯಿಂದಲೇ ಮತ್ತೊಮ್ಮೆ ಹೇಳಿಸುವುದು. 'ಗೊತ್ತಾಯಿತೇ' ಎಂದು ಕೇಳಿದರೆ ಬಹುತೇಕರು ಸಂಕೋಚದಿಂದ ಹೌದು ಎನ್ನುತ್ತಾರೆ.

ಔಷಧದಿಂದ ಅಡ್ಡಪರಿಣಾಮ ಕಂಡುಬಂದಲ್ಲಿ ಫಾರ್ಮಸಿಸ್ಟರು ಮಾತ್ರವಲ್ಲದೆ ಸಾರ್ವಜನಿಕರೂ ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೆ ವರದಿ ಮಾಡಬಹುದು.

ಹೆಚ್ಚಿನ ತರಬೇತಿ ಬಯಸುವವರು ನವದೆಹಲಿಯ ರಾಷ್ಟ್ರೀಯ ಸಾಮಾಜಿಕ ರಕ್ಷಣಾ ಸಂಸ್ಥೆಯು ಹಿರಿಯರ ಆರೈಕೆ ಕುರಿತು ನಡೆಸುವ ತರಬೇತಿಗಳ ಪ್ರಕಟಣೆಗಳನ್ನು ಗಮನಿಸಬಹುದು. ವೃದ್ಧಾಪ್ಯ ವೈದ್ಯಶಾಸ್ತ್ರದ ಸ್ನಾತಕೋತ್ತರ ಡಿಪ್ಲೊಮಾಗಳಲ್ಲಿ ಕೆಲವು ಎಂ.ಬಿ.ಬಿ.ಎಸ್. ಪದವೀಧರರಿಗೆ ಮಾತ್ರ ಮೀಸಲಾಗಿರುವುದರಿಂದ ಶುಲ್ಕ ಪಾವತಿಸುವ ಮುನ್ನ ಅರ್ಹತೆಯನ್ನು ಪರಿಶೀಲಿಸಿಕೊಳ್ಳತಕ್ಕದ್ದು.

7. ಮೀರಬಾರದ ಮಿತಿಗಳು

(ಅ) ರೋಗನಿರ್ಣಯ ಮಾಡುವುದು, ವೈದ್ಯರ ಅನುಮತಿಯಿಲ್ಲದೆ ಔಷಧ ನಿಲ್ಲಿಸುವುದು, ಬದಲಿಸುವುದು ಅಥವಾ ಪ್ರಮಾಣ ಹೆಚ್ಚು ಕಡಿಮೆ ಮಾಡುವುದು ಫಾರ್ಮಸಿಸ್ಟರ ಕಾರ್ಯವಲ್ಲ. ಕೆಲವು ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯಕಾರಿ.

(ಆ) ಪೂರ್ಣಾವಧಿ ವ್ಯಾಸಂಗಕ್ಕೆ ಅಥವಾ ಬೋಧಕ ಹುದ್ದೆಗೆ ಸೇರುವವರು ತಮ್ಮ ಹೆಸರು ಯಾವುದಾದರೂ ಅಂಗಡಿಯ ಪರವಾನಗಿಯಲ್ಲಿ ಇದ್ದಲ್ಲಿ, ಅದನ್ನು ಔಷಧ ನಿಯಂತ್ರಣ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿ ಬಿಡುಗಡೆ ಪಡೆಯಬೇಕು. ಖುದ್ದು ಹಾಜರಿರದೆ ಪ್ರಮಾಣಪತ್ರವನ್ನು ಮಾತ್ರ ಅಂಗಡಿಯಲ್ಲಿ ತೂಗುಹಾಕಲು ಬಿಡುವುದು ಕಾನೂನಿಗೆ ವಿರುದ್ಧ. ಅಂತಹ ಅಂಗಡಿಯಲ್ಲಿ ಮೇಲೆ ಹೇಳಿದ ಎರಡು ಹೆಸರಿನ ಒಂದೇ ಮಾತ್ರೆಯನ್ನು ಗುರುತಿಸುವವರು ಯಾರೂ ಇರುವುದಿಲ್ಲ ಎಂಬುದನ್ನು ನೆನಪಿಡಬೇಕು.

(ಇ) ಹಿರಿಯರ ಕಾಯಿಲೆಯ ವಿವರಗಳನ್ನು ನೆರೆಹೊರೆಯವರಿಗೆ ತಿಳಿಸಬಾರದು.

8. ಖರ್ಚು ಮತ್ತು ಆದಾಯದ ಲೆಕ್ಕ

ಬಿ.ಫಾರ್ಮ ಮತ್ತು ಎಂ.ಫಾರ್ಮ ಎರಡಕ್ಕೂ ಸೇರಿ ಡಿ.ಫಾರ್ಮ ಆದವರಿಗೆ ಸುಮಾರು 5 ವರ್ಷಗಳು ಬೇಕು. ಈ ಅವಧಿಯಲ್ಲಿ ಶುಲ್ಕದ ಹೊರೆ ಇರುವುದಲ್ಲದೆ ಅಂಗಡಿಯ ಸಂಬಳವೂ ನಿಲ್ಲುತ್ತದೆ. ಕುಟುಂಬದ ಜವಾಬ್ದಾರಿ ಇರುವವರು ಇದನ್ನು ಕಾಗದದ ಮೇಲೆ ಬರೆದು ಲೆಕ್ಕ ಹಾಕಿಯೇ ನಿರ್ಧರಿಸುವುದು ಸೂಕ್ತ. ಆರೈಕೆಯ ಹಾದಿಗೆ ಇಂತಹ ಖರ್ಚಿಲ್ಲ. ಆದರೆ ಸಲಹೆ ನೀಡಿದ ಸಮಯಕ್ಕೆ ಪ್ರತ್ಯೇಕ ಆದಾಯ ಬರುವುದು ಕಡಿಮೆ. ವಿಶ್ವಾಸದಿಂದ ಮತ್ತೆ ಮತ್ತೆ ಬರುವ ಗ್ರಾಹಕರೇ ಅದರ ಪ್ರತಿಫಲ.

9. ಅರ್ಜಿ ಸಲ್ಲಿಸುವ ಮುನ್ನ ಸಿದ್ಧವಿರಬೇಕಾದ ದಾಖಲೆಗಳು

- ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಅಂಕಪಟ್ಟಿಗಳು
- ಡಿಪ್ಲೊಮಾ ಅಥವಾ ಪದವಿ ಪ್ರಮಾಣಪತ್ರ ಮತ್ತು ಅಂಕಪಟ್ಟಿಗಳು
- ಚಾಲ್ತಿಯಲ್ಲಿರುವ ನೋಂದಣಿ ಪ್ರಮಾಣಪತ್ರ ಹಾಗೂ ನವೀಕರಣ ರಸೀದಿ
- ಮಾಲೀಕರಿಂದ ಅಥವಾ ಆಸ್ಪತ್ರೆಯಿಂದ ಪಡೆದ ಅನುಭವ ಪತ್ರ
- ಅನ್ವಯವಾಗುವವರಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ

ಎಲ್ಲ ದಾಖಲೆಗಳಲ್ಲಿಯೂ ಹೆಸರಿನ ಕಾಗುಣಿತ ಮತ್ತು ಜನ್ಮದಿನಾಂಕ ಒಂದೇ ರೀತಿ ಇರತಕ್ಕದ್ದು. ವ್ಯತ್ಯಾಸವಿದ್ದಲ್ಲಿ ಅರ್ಜಿ ಸಲ್ಲಿಸುವ ಮೊದಲೇ ಸರಿಪಡಿಸಿಕೊಳ್ಳುವುದು.

10. ಹಿರಿಯ ನಾಗರಿಕರ ಗಮನಕ್ಕೆ

ಔಷಧಿ ಕೊಳ್ಳುವಾಗ ಫಾರ್ಮಸಿಸ್ಟರು ಇದ್ದಾರೆಯೇ ಎಂದು ವಿಚಾರಿಸುವುದು, ಅವರಿಂದ ವಿವರಣೆ ಕೇಳುವುದು ನಿಮ್ಮ ಹಕ್ಕು. ವೈದ್ಯರ ಬಳಿಗೆ ಹೋಗುವಾಗಲೆಲ್ಲ ಔಷಧಗಳ ಪಟ್ಟಿಯನ್ನು ಜೊತೆಯಲ್ಲಿ ಒಯ್ಯಿರಿ. ಇತರ ನೆರವಿಗಾಗಿ ರಾಷ್ಟ್ರೀಯ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಸೂಚನೆ: ಈ ಲೇಖನವು ಮಾಹಿತಿಗಾಗಿ ಮಾತ್ರ. ಶುಲ್ಕ, ಅರ್ಜಿ ನಮೂನೆ ಮತ್ತು ಕೊನೆಯ ದಿನಾಂಕಗಳ ಬಗ್ಗೆ ಸಂಬಂಧಪಟ್ಟ ಪರಿಷತ್ತು, ವಿಶ್ವವಿದ್ಯಾಲಯ ಅಥವಾ ಕಾಲೇಜಿನ ಪ್ರಕಟಣೆಯೇ ಅಂತಿಮವಾಗಿರುತ್ತದೆ.